ಚೂರುದಾರಿ

ಮೇ ೯

ಪ್ರೀತಿಯ ಬಸ್ಸಿಗೆ, ಅಕ್ಕನ ಆಶೀರ್ವಾದಗಳು.

ಫೋನು ಇರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನಾವಿಬ್ಬರೂ ಮೂರನೇ ನಿಮಿಷಕ್ಕೆ ಜಗಳಕ್ಕೆ ಬೀಳುತ್ತೇವೆ. ಐದನೇ ನಿಮಿಷಕ್ಕೆ ನೀನು "ಕ್ರೇನ್ ಹತ್ತಬೇಕು, ಇಡ್ತೀನಿ" ಅನ್ನುತ್ತೀಯ. ನಿನ್ನ ಬಂದರಿಗೆ ಅಷ್ಟು ಹಡಗು ಎಲ್ಲಿಂದ ಬರುತ್ತವೋ ಕಾಣೆ, ಸರಿಯಾಗಿ ನಾನು ಫೋನು ಮಾಡಿದಾಗಲೇ ಬರುತ್ತವೆ. ಕಾಗದವನ್ನು ಹಾಗೆ ಅರ್ಧಕ್ಕೆ ಇಡಲಾಗುವುದಿಲ್ಲವಲ್ಲ.

ವಿಷಯ ಇಷ್ಟು. ನಮ್ಮ ವಾಚನಾಲಯಕ್ಕೆ ಆಗಸ್ಟಿನಲ್ಲಿ ಐವತ್ತು ವರ್ಷ ತುಂಬುತ್ತದೆ. ಅದನ್ನು ನೋಡಿಕೊಳ್ಳುವ ಲೈಬ್ರರಿ ಹುಡುಗಿಗೆ ಬಡಾವಣೆಯ ಚರಿತ್ರೆ ಬರೆಸುವ ಹುಚ್ಚು ಹಿಡಿದಿದೆ. "ಟೈಲರಮ್ಮ, ನೀವೇ ಬರೀರಿ. ಇಲ್ಲಿರೋ ಪ್ರತಿಯೊಬ್ಬರ ಅಳತೆನೂ ನಿಮ್ಮ ಹತ್ರ ಇದೆ" ಎಂದಳು. ಹೊಗಳಿದರೆ ನಾನು ಉಬ್ಬುತ್ತೇನೆ ಎನ್ನುವುದು ಅವಳಿಗೂ ಗೊತ್ತಾಗಿಬಿಟ್ಟಿದೆ. ಒಪ್ಪಿಕೊಂಡೆ. ಈಗ ಹೊಲಿಗೆ ಯಂತ್ರದ ಪಕ್ಕ ಒಂದು ನೋಟ್‌ಬುಕ್ಕು. ಶಾಲೆ ಶುರುವಾಗುವ ಮುಂಚೆ ತೊಂಬತ್ತು ಯೂನಿಫಾರ್ಮ್ ಮುಗಿಯಬೇಕು. ಒಂದು ತೋಳು ಹೊಲಿಯುವುದು, ಒಂದು ಸಾಲು ಬರೆಯುವುದು. ಮೊನ್ನೆ ಒಂದು ಅಂಗಿಗೆ ಎರಡೂ ಎಡತೋಳನ್ನೇ ಹಚ್ಚಿ ಕೂತಿದ್ದೆ.

ಬರೆಯಲು ಹೊರಟರೆ ಇದು ಊರೋ ಪೇಟೆಯೋ ಎನ್ನುವುದೇ ತೀರ್ಮಾನವಾಗುವುದಿಲ್ಲ. ಪೇಟೆಯವರು ನಮ್ಮನ್ನು ಹಳ್ಳಿಯವರು ಅನ್ನುತ್ತಾರೆ, ಹಳ್ಳಿಯವರು ಪೇಟೆಯವರು ಅನ್ನುತ್ತಾರೆ. ಬ್ಯಾಂಕಿನ ಮೆಟ್ಟಿಲ ಮೇಲೆ ದನ ಮಲಗುತ್ತದೆ. ಎಲೆಕೋಸಿನ ಹೊಲದ ನಟ್ಟನಡುವೆ ಮೂರಂತಸ್ತಿನ ಮನೆ ಎದ್ದಿದೆ. ಮೊದಲು ಇಲ್ಲಿದ್ದದ್ದು ಇಟ್ಟಿಗೆ ಗೂಡು. ಆಮೇಲೆ ರೈಲ್ವೆಯವರ ಹನ್ನೆರಡು ಮನೆ, ಅಪ್ಪನ ಹಿಟ್ಟಿನ ಗಿರಣಿ, ಶಾಲೆ, ವಾಚನಾಲಯ, ಬಸ್ಸು. ಚೂರುದಾರಿಯ ಬಗ್ಗೆ ಹೀಗೆ ಬರೆದಿದ್ದೇನೆ, ಸರಿಯಿದೆಯೋ ನೋಡು:

"ರೈಲ್ವೆ ಗೇಟಿನ ಆಚೆಯ ಹಳೇ ಊರಿನಿಂದ ಗಿರಣಿಯ ಮಗ್ಗುಲಲ್ಲೇ ಹಾದು ಶಾಲೆಗೂ ಬಸ್‌ಸ್ಟಾಪಿಗೂ ಬರುವ ಆರಡಿ ಅಗಲದ ಕಾಲುದಾರಿ ಇದು. ಮೊದಲಿಗೆ ಬರೀ ಕೆಸರು. ಹಾಗಾಗಿ ಇಲ್ಲಿ ಯಾರು ಮನೆ ಕಟ್ಟಿದರೂ ಉಳಿದ ಇಟ್ಟಿಗೆ, ಹೆಂಚಿನ ಚೂರುಗಳನ್ನು ಒಂದು ಬುಟ್ಟಿ ತಂದು ಈ ದಾರಿಗೆ ಸುರಿಯುವುದು ವಾಡಿಕೆಯಾಯಿತು. ಯಾರೂ ಬರೆದಿಟ್ಟ ಕಾನೂನಲ್ಲ. ಸುರಿಯದವರನ್ನು ಯಾರೂ ಬೈಯುವುದಿಲ್ಲ. 'ನಿಮ್ಮ ಬುಟ್ಟಿ ಇನ್ನೂ ಬರ್ಲಿಲ್ವಲ್ಲ' ಎಂದು ವರ್ಷವಿಡೀ ಕೇಳುತ್ತಾರೆ, ಅಷ್ಟೆ."

ಇನ್ನು ಮೊದಲ ಬಸ್ಸು ಬಂದ ದಿನ. ನಾನಾಗ ಪೇಟೆಯಲ್ಲಿ ಹೊಲಿಗೆ ಕಲಿಯುತ್ತಿದ್ದೆ, ನೋಡಲಿಲ್ಲ. ನೀನು ಫುಟ್‌ಬೋರ್ಡಿನಲ್ಲಿ ಜೋತುಬಿದ್ದು ಕೈಬೀಸುತ್ತಾ ಬಂದೆಯಂತೆ, ಅವತ್ತಿನಿಂದ ನಿನಗೆ ಬಸ್ಸು ಎಂದೇ ಹೆಸರಾಯಿತಂತೆ. ಅದನ್ನು ನಿನಗಿಂತ ಚೆನ್ನಾಗಿ ಬರೆಯುವವರು ಯಾರು? ಎರಡು ಪುಟ ಬರೆದು ಕಳಿಸು.

ಮರೆತಿದ್ದೆ. ನೀನು ಗಿರಣಿ ಜಾಗ ಮಾರಿದೆಯಲ್ಲ, ಅದನ್ನು ಕೊಂಡ ಗೋಡೌನ್ ಯಜಮಾನರು ಕಾಂಪೌಂಡಿಗೆ ಪಾಯ ತೋಡಿಸುತ್ತಿದ್ದಾರೆ, ಚೂರುದಾರಿಯನ್ನೂ ಒಳಗೆ ಸೇರಿಸಿಕೊಂಡು. ಏನೋ ತಪ್ಪು ತಿಳಿದಿರಬೇಕು. ದಾರಿ ಬಿಟ್ಟೇ ಮಾರಿದ್ದು ಎಂದು ನೀನು ಒಂದು ಸಾಲು ಬರೆದುಕೊಟ್ಟರೆ ತೋರಿಸುತ್ತೇನೆ, ಮುಗಿಯಿತು.

ನಿನ್ನ ಅಕ್ಕ


ಮೇ ೨೧

ಅಕ್ಕನಿಗೆ ನಮಸ್ಕಾರ.

ಕಾಗದ ಬಂತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಬಿಸಿಲಿಗೆ ಕ್ರೇನಿನ ಗೂಡು ಒಲೆಯಂತಾಗುತ್ತದೆ. ತೊಂಬತ್ತಡಿ ಮೇಲೆ ಕೂತಿದ್ದರೂ ಗಾಳಿ ಇಲ್ಲ.

ಗಿರಣಿಯ ಬಗ್ಗೆ ನೆನಪಿದ್ದದ್ದು ಬರೆಯುತ್ತೇನೆ, ಬೇಕಾದರೆ ಹಾಕಿಕೊ. ಬೆಲ್ಟು ಹದಿನೆಂಟು ಅಡಿ ಉದ್ದ, ಎರಡು ಕಡೆ ತಂತಿಯಲ್ಲಿ ಹೊಲಿದಿತ್ತು. ಕೆಳಗಿನ ಕಲ್ಲು ಕದಲುವುದಿಲ್ಲ, ಮೇಲಿನದು ತಿರುಗುತ್ತದೆ. ಎರಡರ ನಡುವೆ ಕಾಳು ಇರಲೇಬೇಕು. ಹದಿನೈದು ದಿನಕ್ಕೊಮ್ಮೆ ಅಪ್ಪ ಮೇಲಿನ ಕಲ್ಲನ್ನು ಎತ್ತಿ, ಉಳಿಯಿಂದ ಗೀರುಗಳನ್ನು ಮತ್ತೆ ಕೊರೆಯುತ್ತಿದ್ದರು. ಆಗ ಅವರ ಹುಬ್ಬಿನ ಮೇಲಿನ ಹಿಟ್ಟು ಬೆವರಿಗೆ ಅಂಟಾಗುತ್ತಿತ್ತು. ಹಿಟ್ಟಿನ ಬಿಸಿಯನ್ನು ಅವರು ಅಂಗೈಯಿಂದ ನೋಡುತ್ತಿರಲಿಲ್ಲ, ಮಣಿಕಟ್ಟಿನಿಂದ ನೋಡುತ್ತಿದ್ದರು.

ಮೊದಲ ಬಸ್ಸಿನ ದಿನ ನನಗೆ ನೆನಪಿಲ್ಲ.

ಜಾಗದ ವಿಷಯ. ಮಾರಿದ ಮೇಲೆ ಅದು ಅವರದು. ಪತ್ರ ಎಲ್ಲ ಕಾನೂನು ಪ್ರಕಾರ ಆಗಿದೆ, ರಿಜಿಸ್ಟರ್ ಆದ ದಿನ ನೀನೂ ಇದ್ದೆ. ಚೂರು ಸುರಿದ ಮಾತ್ರಕ್ಕೆ ಅದು ದಾರಿಯಾಗುತ್ತದೆಯೇ? ಮುಖ್ಯರಸ್ತೆ ಇದೆ, ಜನ ಅಲ್ಲಿ ಓಡಾಡಲಿ. ನೀನು ಈ ವಯಸ್ಸಿನಲ್ಲಿ ಊರಿನವರ ಜಗಳವನ್ನು ತಲೆಗೆ ಕಟ್ಟಿಕೊಳ್ಳಬೇಡ. ಭಾವನ ಬಿಪಿ ನೋಡಿಕೊ.

ನಿನ್ನ ತಮ್ಮ


ಮೇ ೨೮

ಬಸ್ಸು,

ಬೆಲ್ಟಿನ ಉದ್ದ ನೆನಪಿದೆ, ತಂತಿ ಹೊಲಿಗೆ ನೆನಪಿದೆ, ಅಪ್ಪನ ಮಣಿಕಟ್ಟು ನೆನಪಿದೆ. ಬಸ್ಸು ಮಾತ್ರ ನೆನಪಿಲ್ಲವಂತೆ! ಯಾರಿಗೆ ಹೇಳುತ್ತೀಯ ಈ ಕಥೆ? ಬರೆಯಲು ಸೋಮಾರಿತನ ಎಂದು ನೇರ ಹೇಳು, ಬಿಟ್ಟುಬಿಡುತ್ತೇನೆ.

ಅದು ಹಾಳಾಗಿ ಹೋಗಲಿ. ಗೋಡೆ ಈಗ ಮೊಣಕಾಲೆತ್ತರ ಬಂದಿದೆ. ಮಕ್ಕಳು ಸದ್ಯಕ್ಕೆ ಹಾರಿಕೊಂಡು ಹೋಗುತ್ತಿದ್ದಾರೆ. ಪೋಸ್ಟ್‌ಮ್ಯಾನ್ ತಾತ ಹಾರುವುದು ಹೇಗೆ? ಮೂವತ್ತು ವರ್ಷ ಆ ದಾರಿಯಲ್ಲಿ ಸೈಕಲ್ ತುಳಿದು ನಮಗೆಲ್ಲ ಕಾಗದ ಕೊಟ್ಟವರು. ರಿಟೈರಾದ ಮೇಲೂ ದಿನಾ ಪೇಪರ್ ಓದಲು ಹಳೇ ಊರಿನಿಂದ ವಾಚನಾಲಯಕ್ಕೆ ಬರುತ್ತಾರೆ. ನಿನ್ನೆ ಗೋಡೆಯ ಆಚೆ ಕೋಲು ಊರಿ ನಿಂತುಬಿಟ್ಟಿದ್ದರು. ನಾನು ಪೇಪರನ್ನು ಅಲ್ಲಿಗೇ ಒಯ್ದುಕೊಟ್ಟೆ. ನಿಂತೇ ಓದಿದರು.

ಮುಖ್ಯರಸ್ತೆ ಇದೆ ಅನ್ನುತ್ತೀಯ. ನೀನು ನೋಡಿದ ಮುಖ್ಯರಸ್ತೆ ಈಗಿಲ್ಲ ಮಹಾರಾಯ. ಗೋಡೌನಿಗೆ ಹೋಗುವ ಲಾರಿಗಳೇ ದಿನಕ್ಕೆ ನೂರು. ಸುತ್ತಿಕೊಂಡು ಹೋದರೆ ಎರಡು ಕಿಲೋಮೀಟರು, ಪಕ್ಕದಲ್ಲಿ ನಡೆಯಲು ಗೇಣು ಜಾಗವಿಲ್ಲ. ಕಳೆದ ಸೋಮವಾರ ಹಾಲು ಹಾಕುವ ಅಕ್ಕನ ಸೈಕಲ್ಲಿಗೆ ಲಾರಿ ತಾಗಿತು. ಹಾಲು ಚೆಲ್ಲಿತು, ಅವಳ ಮೊಣಕೈ ಮುರಿಯಿತು. "ಕೈ ಹೋದ್ರೆ ಹೋಗ್ಲಿ, ನಾಳೆ ಸ್ಕೂಲ್ ಶುರುವಾದ್ರೆ ಮಕ್ಕಳು ಇದೇ ರೋಡಲ್ಲಿ ಬರ್ಬೇಕಲ್ಲಮ್ಮ" ಎಂದು ಅವಳೇ ನನ್ನ ಹತ್ತಿರ ಅತ್ತಳು. ನಾನು ಹೊಲಿಯುತ್ತಿರುವ ತೊಂಬತ್ತು ಯೂನಿಫಾರ್ಮಿನಲ್ಲಿ ಅರವತ್ತು ಹಳೇ ಊರಿನ ಮಕ್ಕಳದು. ಒಂದೊಂದು ಕಾಲರ್ ತಿರುಗಿಸುವಾಗಲೂ ಆ ಲಾರಿಗಳೇ ಕಣ್ಣಮುಂದೆ ಬರುತ್ತವೆ.

ಎಲ್ಲ ಸೇರಿ ಅರ್ಜಿ ಕೊಟ್ಟಿದ್ದೇವೆ. ಜುಲೈ ೪ಕ್ಕೆ ಸರ್ವೆ ಅಧಿಕಾರಿ ಬಂದು ಜಾಗ ನೋಡಿ ತೀರ್ಮಾನ ಹೇಳುತ್ತಾರೆ. ಗೋಡೌನ್ ಯಜಮಾನರ ವಾದ ಏನು ಗೊತ್ತೆ? ಅಲ್ಲಿ ದಾರಿಯೇ ಇರಲಿಲ್ಲ, ಇತ್ತೀಚೆಗೆ ಜನ ನುಗ್ಗಿ ಓಡಾಡಿದ್ದಾರೆ ಎಂದು. ಇರಲಿಲ್ಲವಂತೆ! ಜಾಗ ನಿನ್ನ ಹೆಸರಿನಲ್ಲಿತ್ತು, ಮಾರಿದವನು ನೀನು, ನಿನ್ನ ಮಾತಿಗೆ ಇರುವ ತೂಕ ನಮ್ಮ ಇನ್ನೂರು ಸಹಿಗೂ ಇಲ್ಲ. ನಾಲ್ಕು ಸಾಲು ಸಾಕು. ನಾನು ಸಭೆಯಲ್ಲಿ ಎಲ್ಲರಿಗೂ "ನನ್ನ ತಮ್ಮ ಬರ್ದು ಕಳಿಸ್ತಾನೆ, ಯೋಚ್ನೆ ಮಾಡ್ಬೇಡಿ" ಎಂದು ಹೇಳಿಬಿಟ್ಟಿದ್ದೇನೆ. ಕೇಳದೆ ಹೇಳಿದ್ದಕ್ಕೆ ಬೈಯಬೇಡ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತ್ರ ಬರೆಯಬೇಡ, ಇಲ್ಲಿ ಗೋಡೆ ಸಾಕಷ್ಟಿದೆ.

ಬೇಗ ಬರೆ.

ಅಕ್ಕ


ಜೂನ್ ೧೫

ಅಕ್ಕ,

ನಿನ್ನ ಕಾಗದಕ್ಕೆ ನಾಲ್ಕು ಸಲ ಉತ್ತರ ಬರೆದು ಹರಿದೆ. ಇದನ್ನಾದರೂ ಹಾಕುತ್ತೇನೆ.

ನನ್ನಿಂದ ಆಗುವುದಿಲ್ಲ. ಕಾರಣ ಕೇಳಬೇಡ. ನನ್ನನ್ನು ಕೇಳದೆ ನನ್ನ ಪರವಾಗಿ ಮಾತು ಕೊಟ್ಟದ್ದು ನಿನ್ನ ತಪ್ಪು. ಆ ಊರಿಗೂ ನನಗೂ ಲೆಕ್ಕ ಹರಿದು ಬಹಳ ಕಾಲವಾಯಿತು. ಆ ದಾರಿಯಲ್ಲಿ ಓಡಾಡಿದವರು ಯಾರೂ ನನ್ನನ್ನು ಸುಮ್ಮನೆ ಓಡಾಡಲು ಬಿಟ್ಟವರಲ್ಲ. ಈಗ ಅವರಿಗೆ ನಾನು ಬೇಕಾದೆನೆ?

ಇನ್ನೊಂದು. ನನ್ನನ್ನು ಬಸ್ಸು ಎಂದು ಕರೆಯಬೇಡ. ಐವತ್ನಾಲ್ಕು ವರ್ಷವಾಯಿತು ನನಗೆ.

ತಮ್ಮ


ಜೂನ್ ೧೮

ಮೂರು ವಾರವಾಯಿತು, ನಿನ್ನಿಂದ ಉತ್ತರವಿಲ್ಲ. ಈಗ ಬೇಡ ಬಿಡು. ಉತ್ತರ ನಿನ್ನೆ ಸಭೆಯಲ್ಲೇ ಸಿಕ್ಕಿತು.

ವಾಚನಾಲಯ ತುಂಬಿತ್ತು. ಬೆಂಚು ಸಾಲದೆ ಜನ ಕಿಟಕಿಯಲ್ಲಿ ನಿಂತಿದ್ದರು. ನಾನು ಮುಂದೆ ನಿಂತು, ನಮ್ಮನ್ನು ಯಾರೂ ಒಂದು ಮಾತೂ ಕೇಳದೆ ದಾರಿ ಮುಚ್ಚಿದ್ದಾರೆ ಎಂದು ಗಂಟಲು ಹರಿಯುವಂತೆ ಮಾತಾಡಿದೆ. ಚಪ್ಪಾಳೆಯೂ ಬಿತ್ತು. ಗೋಡೌನ್ ಯಜಮಾನರು ಹಿಂದೆ ಕೂತಿದ್ದವರು ಎದ್ದರು. ಕೂಗಲಿಲ್ಲ, ಕೆಟ್ಟ ಮಾತಾಡಲಿಲ್ಲ. ಕ್ರಯಪತ್ರ ತೆಗೆದು ಓದಿದರು. "ಸದರಿ ಸ್ವತ್ತಿನಲ್ಲಿ ಯಾವುದೇ ಕಾಲುದಾರಿಯಾಗಲಿ, ಓಡಾಟದ ಹಕ್ಕಾಗಲಿ ಇರುವುದಿಲ್ಲ." ಕೆಳಗೆ ನಿನ್ನ ಸಹಿ. ಆಮೇಲೆ ನನ್ನ ಕಡೆ ತಿರುಗಿದರು. "ಸಾಕ್ಷಿ ಸಹಿ ಯಾರದು ಅಂತ ಟೈಲರಮ್ಮನೇ ಓದ್ಲಿ. ನನಗೆ ಕನ್ನಡಕ ಸರಿಯಿಲ್ಲ."

ನನ್ನದು. ನನ್ನ ದುಂಡು ಅಕ್ಷರ. ಆ ಮನುಷ್ಯನ ಕನ್ನಡಕಕ್ಕೇನೂ ಆಗಿರಲಿಲ್ಲ.

ಎರಡು ಸಲ ಅಳೆಯದೆ ಒಂದು ಸಲ ಕತ್ತರಿ ಹಾಕದವಳು ನಾನು. ಅವತ್ತು ರಿಜಿಸ್ಟರ್ ಆಫೀಸಿನಲ್ಲಿ ನೀನು "ಇಲ್ಲಿ ಅಕ್ಕ, ಇಲ್ಲೊಂದು" ಎಂದು ಬೆರಳು ಇಟ್ಟ ಕಡೆಯೆಲ್ಲ ಬರೆದೆ. ಓದಲಿಲ್ಲ. ನನ್ನ ತಮ್ಮ ಬರೆಸಿದ್ದನ್ನು ನಾನು ಓದುವುದೇನು ಎಂದುಕೊಂಡೆ. ಈಗ ಓದಿಲ್ಲ ಎಂದರೆ ದಡ್ಡಿ, ಓದಿದ್ದೆ ಎಂದರೆ ಕಳ್ಳಿ. ಅತ್ತ ದರಿ, ಇತ್ತ ಪುಲಿ.

ಯಾರೂ ಬೈಯಲಿಲ್ಲ. ಅದೇ ಸಹಿಸಲಾಗುತ್ತಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರು. ಹಾಲಿನ ಅಕ್ಕ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ನನ್ನ ಮುಂದೆಯೇ ಹೋದಳು, ನೋಡಲಿಲ್ಲ. ಇವತ್ತು ಬೆಳಗ್ಗೆ ಮೂವರು ಬಂದು ಹೊಲಿಯಲು ಕೊಟ್ಟ ಬಟ್ಟೆ ವಾಪಸ್ ಒಯ್ದರು. ಲೈಬ್ರರಿ ಹುಡುಗಿಗೆ ನೋಟ್‌ಬುಕ್ ಕೊಟ್ಟುಬಿಟ್ಟೆ. ದಾರಿಯೇ ಇರಲಿಲ್ಲ ಎಂದು ಸಹಿ ಹಾಕಿದವಳು ಅದರ ಚರಿತ್ರೆ ಬರೆಯುತ್ತಾಳೆಯೇ?

ಯಾಕೋ ಹಾಗೆ ಬರೆಸಿದೆ? ದಾರಿಯನ್ನು ಬಿಟ್ಟುಕೊಟ್ಟಿದ್ದಕ್ಕಲ್ಲ, ನನ್ನ ಕೈಯಲ್ಲಿ ಸುಳ್ಳಿಗೆ ಸಹಿ ಹಾಕಿಸಿದೆಯಲ್ಲ, ಅದಕ್ಕೆ ಕೇಳುತ್ತಿದ್ದೇನೆ. ಬೇಡ, ಹೇಳಲೂ ಬೇಡ. ಇನ್ನು ಕಾಗದ ಹಾಕಬೇಡ.


ಜೂನ್ ೨೨

ಅಕ್ಕ,

ನಮ್ಮ ಕಾಗದಗಳು ನಡುದಾರಿಯಲ್ಲಿ ಒಂದನ್ನೊಂದು ದಾಟಿಹೋಗಿವೆ. ಸಭೆಯಲ್ಲಿ ಅಷ್ಟೆಲ್ಲ ಆದ ಮೇಲೆ ನನ್ನ ಹದಿನೈದನೇ ತಾರೀಖಿನ ಕಾಗದ ನಿನ್ನ ಕೈಗೆ ಬಂದಿರುತ್ತದೆ. ಅದನ್ನು ಸುಟ್ಟುಹಾಕು. ನಿನ್ನ ಸಹಿಯ ವಿಷಯ ನಾನು ಯೋಚಿಸಿಯೇ ಇರಲಿಲ್ಲ. ದೇವರಾಣೆ, ಯೋಚಿಸಿರಲಿಲ್ಲ.

ಫೋನು ಮಾಡಿದೆ, ಭಾವ ಎತ್ತಿಕೊಂಡು "ಅವಳು ಮಾತಾಡೋ ಸ್ಥಿತಿಯಲ್ಲಿಲ್ಲ ಕಣಪ್ಪ" ಎಂದರು. ಹಿಂದೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ನಾನು ಮಾತಾಡುತ್ತಿದ್ದಷ್ಟು ಹೊತ್ತು ಅದು ನಿಲ್ಲಲಿಲ್ಲ.

ಒಂದೇ ಒಂದು ಸಾಲು ಬರೆ.

ತಮ್ಮ


ಜೂನ್ ೨೭
(ರಿಜಿಸ್ಟರ್ ಪೋಸ್ಟ್)

ಅಕ್ಕನಿಗೆ,

ನೀನು ಬರೆಯುವುದಿಲ್ಲ ಎಂದು ಗೊತ್ತಾಯಿತು. ಜುಲೈ ನಾಲ್ಕಕ್ಕೆ ಮುಂಚೆ ಇದು ನಿನಗೆ ಮುಟ್ಟಬೇಕು, ಅದಕ್ಕೆ ರಿಜಿಸ್ಟರ್ ಮಾಡಿದ್ದೇನೆ. ಇದರ ಜೊತೆ ಬೇರೆ ಹಾಳೆಯಲ್ಲಿ ನನ್ನ ಹೇಳಿಕೆ ಇದೆ: ದಾರಿ ಇತ್ತು, ನಾನು ಹುಟ್ಟುವ ಮುಂಚಿನಿಂದ ಇತ್ತು, ಇಲ್ಲವೆಂದು ಬರೆಸಿದ್ದು ನಾನು, ಅಕ್ಕನಿಗೆ ಗೊತ್ತಿರಲಿಲ್ಲ ಎಂದು. ಇಲ್ಲಿಯ ನೋಟರಿಯ ಮುಂದೆಯೇ ಸಹಿ ಹಾಕಿದ್ದೇನೆ. ಅವರು "ಇದನ್ನ ಕೊಟ್ರೆ ಕೊಂಡವರು ನಿಮ್ಮ ಮೇಲೆ ಕೇಸ್ ಹಾಕ್ಬೋದು" ಎಂದರು. ಹಾಕಲಿ.

ಯಾಕೆ ಎಂದು ಕೇಳಿದ್ದೀಯ. ಹೇಳುತ್ತೇನೆ. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ.

ಮೊದಲ ಬಸ್ಸು ಬಂದ ದಿನ ಅಪ್ಪ ಕಾಳಿನ ಮೂಟೆ ತರಲು ಪೇಟೆಗೆ ಹೋಗಿದ್ದರು. ಗಿರಣಿ ನನ್ನ ಕೈಯಲ್ಲಿತ್ತು. ಹದಿನೇಳು ವರ್ಷ ನನಗೆ. ದೂರದಲ್ಲಿ ಹಾರ್ನು ಕೇಳಿತು, ಚೂರುದಾರಿಯ ತುಂಬಾ ಜನ ಕೂಗುತ್ತಾ ಓಡಿದರು. ಕಲ್ಲಿಗೆ ಕಾಳು ಬೀಳಿಸುವ ಬಾನಿಯಲ್ಲಿ ಇನ್ನೂ ಕಾಳಿದೆ, ಐದು ನಿಮಿಷ ಎಂದುಕೊಂಡು ನಾನೂ ಓಡಿದೆ. ಯಂತ್ರ ನಿಲ್ಲಿಸಲಿಲ್ಲ. ಡ್ರೈವರು ಒಂದು ಸುತ್ತು ಬರ್ತೀಯಾ ಎಂದ, ಹತ್ತಿದೆ. ವಾಪಸ್ ಬರುವಾಗ ಮುಕ್ಕಾಲು ಗಂಟೆಯಾಗಿತ್ತು. ಕಾಳು ಮುಗಿದು ಕಲ್ಲಿಗೆ ಕಲ್ಲು ತೇಯ್ದು, ಗಿರಣಿಯ ತುಂಬಾ ಸುಟ್ಟ ಕಲ್ಲಿನ ವಾಸನೆ. ನಾನು ಗಾಬರಿಯಲ್ಲಿ ಬೆಲ್ಟು ಜಾರಿಸಿದೆ, ಬೆಂಕಿ ಹತ್ತೀತು ಎಂದು ಒಂದು ಬಕೆಟ್ ನೀರು ಎರಚಿದೆ. ಗಿರಣಿಯವನ ಮಗ ಮಾಡುವ ಕೆಲಸವೇ ಅದು? ಕಾದ ಕಲ್ಲು ಟಪ್ ಎಂದು ಎರಡು ಹೋಳಾಯಿತು.

ಹೊಸ ಕಲ್ಲು ಬರುವವರೆಗೆ ಎರಡು ತಿಂಗಳು ಗಿರಣಿ ಮುಚ್ಚಿತ್ತು. ಅಪ್ಪ ಬಂದರು, ಕಲ್ಲು ನೋಡಿದರು, ನೆಲದ ನೀರು ನೋಡಿದರು. ನನ್ನ ಮುಖ ನೋಡಲಿಲ್ಲ. ಒಂದು ಮಾತೂ ಆಡಲಿಲ್ಲ ಅಕ್ಕ. ಎರಡು ಏಟು ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾರನೇ ದಿನ ಹಾರೆ ತಗೋ ಎಂದರು. ಇಬ್ಬರೂ ಸೇರಿ ದೊಡ್ಡ ಹೋಳನ್ನು ಉರುಳಿಸಿಕೊಂಡು ಹೋಗಿ ಚೂರುದಾರಿಯಲ್ಲಿ ಹೂತೆವು. ಸಣ್ಣ ಹೋಳನ್ನು ಹಿತ್ತಲಿಗೆ ಎಸೆಯಲು ಹೇಳಿದರು, ದೊಡ್ಡದನ್ನು ಮಾತ್ರ ಎಲ್ಲರೂ ತುಳಿಯುವ ಕಡೆ ಹಾಕಿಸಿದರು. ಊರವರೆಲ್ಲ ದಿನಾ ನನ್ನ ತಪ್ಪನ್ನು ತುಳಿದುಕೊಂಡು ಹೋಗಲಿ ಎಂದೇ ಹಾಕಿಸಿದರು ಎಂದು ನನಗೆ ಅವತ್ತೇ ಅರ್ಥವಾಯಿತು. ಆಮೇಲೆ ಶುರುವಾಯಿತಲ್ಲ, ಏ ಬಸ್ಸು, ಎಲ್ಲಿಗೋ ಬಸ್ಸು, ಬಸ್ಸು ಹೊರಟಿತು ಎಂದು. ಎಲ್ಲರಿಗೂ ಗೊತ್ತು, ಎಲ್ಲರೂ ಆಡಿಕೊಳ್ಳುತ್ತಿದ್ದಾರೆ ಎಂದು ಬೆನ್ನು ಸುಡುತ್ತಿತ್ತು. ನೀನೂ ಕರೆದೆ. ಇಪ್ಪತ್ತಕ್ಕೆ ಊರು ಬಿಟ್ಟದ್ದು ಕೆಲಸಕ್ಕೆ ಎಂದು ನೀನು ತಿಳಿದಿದ್ದೀಯ. ಅಲ್ಲ, ಆ ದಾರಿಯಿಂದ ತಪ್ಪಿಸಿಕೊಳ್ಳಲು.

ಕ್ರಯಪತ್ರ ಬರೆಸುವಾಗ ವಕೀಲರು "ಜಾಗದಲ್ಲಿ ದಾರಿ ಗೀರಿ ಏನಾದ್ರೂ ಇದ್ಯಾ?" ಎಂದು ಕೇಳಿದರು. ಇಲ್ಲ ಎಂದೆ. ಮೋಸ ಮಾಡಬೇಕೆಂದು ಹೇಳಲಿಲ್ಲ. ಬಾಯಿಗೆ ತಾನಾಗಿ ಬಂತು. ಇಲ್ಲ ಎಂದಾಗ ಎಷ್ಟು ಹಗುರವಾಯಿತು ಎಂದರೆ, ಹೊರಗೆ ಬಂದು ಎರಡು ಲೋಟ ಟೀ ಕುಡಿದೆ. ಹಾಲಿನ ಅಕ್ಕನ ಮೊಣಕೈ ಮುರಿದದ್ದು ಆ ಒಂದು 'ಇಲ್ಲ' ಎನ್ನುವ ಮಾತಿನಿಂದ. ಅದು ಈಗ ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುಪ್ಪವಾಗಿದೆ.

ಬರೀ ನನ್ನ ಹೇಳಿಕೆಯನ್ನು ಅವರು ನಂಬದಿದ್ದರೆ ಅಗೆಸು. ಗಿರಣಿಯ ಹಿಂಬಾಗಿಲ ಮೆಟ್ಟಿಲಿನಿಂದ ಹನ್ನೊಂದು ಹೆಜ್ಜೆ, ದಾರಿ ಬಲಕ್ಕೆ ತಿರುಗುವ ಕಡೆ. ಅರ್ಧಚಂದ್ರದ ಕಲ್ಲು, ಒಂದು ಮಗ್ಗುಲು ಕಪ್ಪಾಗಿ ಸುಟ್ಟಿದೆ. ಆಮೇಲೆ ಸುರಿದ ಎಲ್ಲರ ಬುಟ್ಟಿಯೂ ಅದರ ಮೇಲೇ ಇರುತ್ತದೆ. ಮೊದಲ ಬಸ್ಸಿನ ತಾರೀಖು ಬಸ್‌ಸ್ಟಾಪಿನ ಕಲ್ಲಿನಲ್ಲಿ ಕೊರೆದಿದೆ, ಕಲ್ಲು ಹೂತದ್ದು ಅದರ ಮಾರನೇ ದಿನ.

ಅದನ್ನು ಎತ್ತಿ ಎಲ್ಲರಿಗೂ ತೋರಿಸು. ಹೇಗೂ ಎಲ್ಲರಿಗೂ ಗೊತ್ತಿರುವುದೇ.

ತಮ್ಮ


ಜುಲೈ ೫

ಪುಟ್ಟಾ,

ಬಸ್ಸು ಎಂದು ಬರೆಯಲು ಪೆನ್ನು ಎತ್ತಿ ಇಳಿಸಿದೆ. ಹೇಗೆ ಕರೆಯಲಿ ಎಂದು ನೀನೇ ಹೇಳುವವರೆಗೆ ಇದೇ ಇರಲಿ.

ನಿನ್ನ ಕಾಗದ ಎರಡನೇ ತಾರೀಖು ಬಂತು. ಒಂದು ಸಲ ಓದಿ ಸಿಟ್ಟು ಬಂತು, ಎರಡನೇ ಸಲ ಅಳು ಬಂತು. ಮೂರನೇ ಸಲ ಓದಲು ಭಾವ ಬಿಡಲಿಲ್ಲ. ನೆಟ್ಟಗೆ ಲೈಬ್ರರಿ ಹುಡುಗಿಯ ಹತ್ತಿರ ಹೋಗಿ ನಿನ್ನ ಹೇಳಿಕೆ ಕೊಟ್ಟೆ. ಕಾಗದ ಕೊಡಲಿಲ್ಲ, ಅದು ನನ್ನದು.

ನಿನ್ನೆ ಸರ್ವೆ ಅಧಿಕಾರಿ ಬಂದರು. ಚಿಕ್ಕ ವಯಸ್ಸಿನ ಹೆಂಗಸು, ತಲೆಗೆ ಟೋಪಿ, ಕಾಲಿಗೆ ಗಂಡಸರ ಬೂಟು. ಗೋಡೆ ಈಗ ಎದೆಯೆತ್ತರ. ಈ ಕಡೆ ನಾವು, ಆ ಕಡೆ ಹಳೇ ಊರಿನವರು. ಅಧಿಕಾರಿ ನಿನ್ನ ಹೇಳಿಕೆ ಓದಿದರು. ಗೋಡೌನ್ ಯಜಮಾನರು ನಕ್ಕರು: "ಅಕ್ಕ ತಮ್ಮ ಸೇರಿ ಆಗ ಒಂದು ಕಥೆ ಕಟ್ಟಿದ್ರು, ಈಗ ಇನ್ನೊಂದು ಕಟ್ತಿದ್ದಾರೆ ಮೇಡಂ. ಯಾವುದನ್ನ ನಂಬೋದು?" ಅಧಿಕಾರಿ "ಕಥೆ ಆದ್ರೆ ಅಗೆದ್ರೆ ಸಿಗಲ್ಲ. ಅಗೀರಿ" ಎಂದರು.

ಹನ್ನೊಂದು ಹೆಜ್ಜೆ ಇಟ್ಟವಳು ನಾನೇ. ನಿನ್ನ ಹದಿನೇಳರ ಕಾಲು ಉದ್ದ, ನನ್ನದು ಗಿಡ್ಡ, ಒಂದೂವರೆ ಹೆಜ್ಜೆ ಜಾಸ್ತಿ ಹಾಕಿದೆ. ಅಳತೆಯ ವಿಷಯದಲ್ಲಿ ನನ್ನನ್ನು ನಂಬು. ಗುದ್ದಲಿ ಬಿತ್ತು. ಮೇಲೆ ಹೋದ ವರ್ಷದ ಮೂರಂತಸ್ತಿನ ಮನೆಯ ಹೊಳೆಯುವ ಟೈಲ್ಸ್ ಚೂರು. ಅದರ ಕೆಳಗೆ ಮೊಸಾಯಿಕ್ಕು. ಆಮೇಲೆ ಕೆಂಪು ಗಾರೆ, ನಾಟಿ ಹೆಂಚು. ಒಬ್ಬೊಬ್ಬರೂ ಬಗ್ಗಿ, ಇದು ನಮ್ಮನೇದು, ಅದು ನಿಮ್ಮ ಬಚ್ಚಲಿನದು ಎನ್ನತೊಡಗಿದರು. ನಾನು ಎರಡು ತಿಂಗಳು ಬರೆಯಲು ಹೆಣಗಿದ ಚರಿತ್ರೆ ಪೂರ್ತಿ ಆ ಗುಂಡಿಯಲ್ಲಿತ್ತು. ಎರಡೂವರೆ ಅಡಿ ಕೆಳಗೆ ಗುದ್ದಲಿ ಖಣ್ ಎಂದಿತು. ಅರ್ಧಚಂದ್ರದ ಕಲ್ಲು, ಮೇಲೆ ಅಪ್ಪನ ಉಳಿಯ ಗೀರು, ಒಂದು ಮಗ್ಗುಲು ಕಪ್ಪು.

ಎಲ್ಲರಿಗೂ ಗೊತ್ತು ಎಂದು ಬರೆದಿದ್ದೀಯಲ್ಲ, ಈಗ ಕೇಳು. ಆ ಕಲ್ಲು ಒಡೆದದ್ದು ಯಾಕೆ ಎಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. "ಹಳೇ ಕಲ್ಲು, ಹೋಯ್ತು" ಎಂದು ಅಪ್ಪ ಹೇಳಿದ್ದರು, ನಂಬಿದ್ದೆವು. ಫುಟ್‌ಬೋರ್ಡಿನಲ್ಲಿ ನೀನು ಕುಣಿದದ್ದಕ್ಕೆ ಜನ ನಿನ್ನನ್ನು ಬಸ್ಸು ಎಂದರು, ಮುದ್ದಿಗೆ. ಬೇರೆ ಏನೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮೂವತ್ತೇಳು ವರ್ಷ ಹೆಗಲು ಮುಟ್ಟಿಕೊಂಡೇ ಇದ್ದೆಯಲ್ಲೋ.

ಪೋಸ್ಟ್‌ಮ್ಯಾನ್ ತಾತನನ್ನು ಇಬ್ಬರು ಹಿಡಿದು ಗೋಡೆ ದಾಟಿಸಿದ್ದರು. ಅವರು ಕಲ್ಲು ನೋಡಿ ಕೋಲಿನಿಂದ ಮೆಲ್ಲಗೆ ತಟ್ಟಿದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಇದನ್ನ ಹಾಕಿದ ದಿನ ನಾನು ಸೈಕಲ್ ಹಿಡ್ಕೊಂಡು ಇಲ್ಲೇ ನಿಂತಿದ್ದೆ. ಹುಡುಗ ಹಾರೆ ಇಡೋಕೆ ಒಳಗೆ ಹೋಗಿದ್ದ. ಏನಯ್ಯ, ನಿಮ್ಮನೆ ಬುಟ್ಟಿ ಯಾವತ್ತೋ ಬಂದಿತ್ತಲ್ಲ, ಇದ್ಯಾರದು ಅಂತ ಕೇಳ್ದೆ. 'ಇದು ನನ್ನ ಮಗಂದು' ಅಂದ ನಿಮ್ಮಪ್ಪ. 'ಅವನ ಕಣ್ಣು ಬಸ್ಸಿನ ಮೇಲಿದೆ, ಇಲ್ಲಿ ನಿಲ್ಲೋ ಹುಡುಗ ಅಲ್ಲ. ಎಲ್ಲಿ ಮನೆ ಕಟ್ತಾನೋ ಏನೋ. ಇಲ್ಲೂ ಅವನದೊಂದು ಇರ್ಲಿ. ಕೆಸರು ಜಾಸ್ತಿ ಇರೋ ಕಡೆ ಹಾಕಿದೀನಿ, ನಾಲ್ಕು ಜನ ಕಾಲು ಒದ್ದೆ ಆಗದೆ ದಾಟ್ಲಿ' ಅಂದ."

ಅಲ್ಲೇ ಗುಂಡಿಯ ಅಂಚಿನಲ್ಲಿ ಕೂತುಬಿಟ್ಟೆ. ಅಪ್ಪ ಬೈಯಲಿಲ್ಲ ಎಂದರೆ ಹೊಟ್ಟೆಗೆ ಹಾಕಿಕೊಂಡರು ಎಂದರ್ಥ ಕಣೋ. ನಿನ್ನ ಮುಖ ನೋಡಿದ್ದರೆ ಅವರೂ ಅಳುತ್ತಿದ್ದರು. ಅವರಿಗೆ ಮಾತು ಬರುತ್ತಿರಲಿಲ್ಲ, ಕಲ್ಲು ಬರುತ್ತಿತ್ತು.

ಅಧಿಕಾರಿ ಆರಡಿ ದಾರಿ ಬಿಡಬೇಕೆಂದು ಬರೆದರು. ಗೋಡೆಯನ್ನು ನಾಳೆಯಿಂದ ಕೀಳುತ್ತಾರೆ. ಗೋಡೌನ್ ಯಜಮಾನರು ನಿನ್ನ ಮೇಲೆ ಕೇಸು ಹಾಕುತ್ತಾರಂತೆ, ಹಾಕಿಯೇ ಹಾಕುತ್ತಾರೆ, ಅವರಿಗೂ ಅನ್ಯಾಯವಾಗಿದೆ. ಸಾಕ್ಷಿಗೆ ನಾನೇ ಬರುತ್ತೇನೆ, ಈ ಸಲ ಓದಿ ಸಹಿ ಹಾಕುತ್ತೇನೆ. ವಾಪಸ್ ಒಯ್ದ ಮೂರು ಬಟ್ಟೆಯಲ್ಲಿ ಒಂದು ಮಾತ್ರ ತಿರುಗಿ ಬಂದಿದೆ. ಹಾಲಿನ ಅಕ್ಕ ಬೆಳಗ್ಗೆ ಬಾಗಿಲಲ್ಲಿ ನಿಂತು "ಹಾಲು" ಎಂದಳು. ಅಷ್ಟೇ ಮಾತು. ಸದ್ಯಕ್ಕೆ ಅಷ್ಟು ಸಾಕು.

ಗುಂಡಿ ಮುಚ್ಚಲು ಬಂದವರನ್ನು ತಡೆದಿದ್ದೇನೆ. ಮೇಲೆ ಹಲಗೆ ಹಾಸಿದ್ದೇವೆ. ಮುಚ್ಚಬೇಕಾದವನು ನೀನು.

ನಿನ್ನ ಅಕ್ಕ


ಜುಲೈ ೧೨

ಅಕ್ಕನಿಗೆ,

ನಿನ್ನ ಕಾಗದವನ್ನು ಕ್ರೇನಿನ ಮೇಲೆ ಓದಿದೆ. ಕೆಳಗಿನಿಂದ ಮೂರು ಸಲ ಸೀಟಿ ಹೊಡೆದರು. ಇನ್ನೊಂದು ಸಲ ಓದಿ, ಮಡಿಚಿ ಜೇಬಿಗಿಟ್ಟ ಮೇಲೆಯೇ ಕ್ರೇನ್ ಮುಟ್ಟಿದೆ.

ನನಗೆ ಸಮಾಧಾನವೇನೂ ಆಗಿಲ್ಲ, ಸುಳ್ಳು ಬರೆಯುವುದಿಲ್ಲ. ಪೋಸ್ಟ್‌ಮ್ಯಾನ್ ತಾತನಿಗೆ ಹೇಳಿದ್ದನ್ನು ನನಗೆ ಹೇಳಲು ಅಪ್ಪನಿಗೆ ಏನಾಗಿತ್ತು? ಹಾರೆ ಇಟ್ಟು ಎರಡು ನಿಮಿಷ ಬೇಗ ಬಂದಿದ್ದರೆ ನಾನೇ ಕೇಳಿಸಿಕೊಳ್ಳುತ್ತಿದ್ದೆ. ಮೂರು ದಿನದಿಂದ ಆ ಎರಡು ನಿಮಿಷವನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಹಿತ್ತಲಿಗೆ ಎಸೆದ ಸಣ್ಣ ಹೋಳು ಇನ್ನೂ ಇದೆಯೇ ನೋಡು. ಅದನ್ನು ಮುಟ್ಟಬೇಕು ಅನ್ನಿಸುತ್ತಿದೆ.

ಹತ್ತೊಂಬತ್ತಕ್ಕೆ ರಜೆ ಸಿಕ್ಕಿದೆ. ಸ್ಟೇಷನ್ನಿಗೆ ಯಾರೂ ಬರಬೇಡಿ, ಹಳೇ ಊರಿನ ಕಡೆಯಿಂದ ನಡೆದೇ ಬರುತ್ತೇನೆ. ಹಾಲಿನ ಅಕ್ಕನ ಮನೆ ದಾರಿಯಲ್ಲೇ ಸಿಗುತ್ತದೆ. ಮೊದಲು ಅಲ್ಲಿಗೆ ಹೋಗಬೇಕು.

ನೋಟ್‌ಬುಕ್ಕನ್ನು ಆ ಹುಡುಗಿಯಿಂದ ವಾಪಸ್ ತಗೋ. ನೀನು ಕೇಳಿದ್ದ ಪುಟ ಇದು, ಚಿಕ್ಕದಾಯಿತು, ಹಾಗೇ ಹಾಕು:

"ಮೊದಲ ಬಸ್ಸು ಹಳದಿ ಬಣ್ಣದ್ದು. ಮುಂದಿನ ಗಾಜಿನ ಎಡಮೂಲೆಯಲ್ಲಿ ಬಿರುಕಿತ್ತು. ಡ್ರೈವರಿಗೆ ಹಾರ್ನು ಹೊಡೆಯಲು ಕಾರಣವೇ ಬೇಕಿರಲಿಲ್ಲ. ಶಾಲೆಯ ಮಕ್ಕಳೆಲ್ಲ ಬೆಲ್ ಹೊಡೆಯುವ ಮುಂಚೆಯೇ ಹೊರಗೆ ಬಂದಿದ್ದರು, ಮೇಷ್ಟರೂ ಬಂದಿದ್ದರು. ನಾನು ಫುಟ್‌ಬೋರ್ಡಿನಲ್ಲಿದ್ದೆ. ಕೆಳಗೆ ಎಲ್ಲರೂ ನನ್ನನ್ನು ನೋಡಿ ಕೈಬೀಸುತ್ತಿದ್ದರು. ನನಗೆ ಅವತ್ತಿನಷ್ಟು ಸಂತೋಷ ಮತ್ತೆ ಯಾವತ್ತೂ ಆಗಿಲ್ಲ."

ನಿನ್ನ
ಬಸ್ಸು